ಆಕಾಶನೌಕೆಗೆ ಅಂಟುವ ಅಣುಲೇಪ

‘ಲೇಪ’ವೆಂದರೆ ಬಳಿದುಕೊಂಡದ್ದು, ‘ನಿರ್ಲೇಪ’ವೆಂದರೆ ಏನೂ ಅಂಟಿಕೊಳ್ಳದ ಸ್ಥಿತಿ. ಶರಣಪರಂಪರೆಯ ನೆರಳಿನಲ್ಲಿ ಬೆಳೆದ ನಮಗೆ ಈ ಶಬ್ದ ಹೊಸತಲ್ಲ. ಆಕಾಶನೌಕೆಗಳನ್ನು ನಿರ್ಮಿಸುವ ವಿಜ್ಞಾನಿಗಳಿಗೂ ನಿರ್ಲೇಪತೆಯು ಒಂದು ಕಠಿನ ಸಾಧನೆಯೇ ಆಗಿದೆ.

ಭೂಮಿಯನ್ನು ಬಿಟ್ಟು ನೂರಾರು ಮೈಲು ಮೇಲೇರಿದ ನೌಕೆಗೆ ಜಿಡ್ಡು ಎಲ್ಲಿಂದ ಬಂದೀತು ಎಂಬ ಶಂಕೆ ಸಹಜ. ಅದು ನೌಕೆಯ ಒಡಲಿನಿಂದಲೇ ಹುಟ್ಟುತ್ತದೆ. ಅಂಟು, ಬಣ್ಣ, ಪ್ಲಾಸ್ಟಿಕ್, ಕೀಲೆಣ್ಣೆಗಳಲ್ಲಿ ಅಡಗಿರುವ ಅಣುಗಳು ನಿರ್ವಾತದಲ್ಲಿ ಆವಿಯಾಗಿ ಹೊರಟು, ತಂಪಾದ ಮೈ ಸಿಕ್ಕಲ್ಲಿ ನೆಲೆಗೊಳ್ಳುತ್ತವೆ. ಕರ್ಪೂರದ ಆವಿಯು ತಂಪಾದ ಮುಚ್ಚಳಕ್ಕೆ ತಾಗಿ ಬೆಳ್ಳನೆಯ ಪದರವಾಗುವಂತೆಯೇ ಇದು. ಅದರ ಮೇಲೆ ಸೂರ್ಯನ ಅತಿನೇರಳೆ ಕಿರಣ ಬಿದ್ದರೆ ಅಣುಗಳು ಪರಸ್ಪರ ಹೆಣೆದುಕೊಂಡು ಗಟ್ಟಿಯಾಗಿ ಕಂದುತ್ತವೆ. ಒರೆಸುವ ಕೈ ಅಲ್ಲಿಲ್ಲ.

ಇದರ ಪರಿಣಾಮ ಅಲ್ಪವಲ್ಲ. ಶಾಖವನ್ನು ಹೊರಸೂಸಬೇಕಾದ ಬಿಳಿಯ ಮೈ ಮಸುಕಾಗಿ ಬಿಸಿಲನ್ನು ಹೀರುತ್ತದೆ. ಸೌರಫಲಕದ ವಿದ್ಯುತ್ತು ಕುಗ್ಗುತ್ತದೆ. ಅತಿನೇರಳೆ ಬೆಳಕನ್ನು ಗ್ರಹಿಸುವ ಕನ್ನಡಿಗಂತೂ ಕೂದಲೆಳೆಯ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಲೇಪವೂ ಪೊರೆಯಾದೀತು.

ಆದ್ದರಿಂದ ನೌಕೆಗೆ ಬಳಸುವ ದ್ರವ್ಯಗಳನ್ನು ಮೊದಲೇ ನಿರ್ವಾತದಲ್ಲಿ, 125 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಇಟ್ಟು ಪರೀಕ್ಷಿಸುವ ರೂಢಿಯಿದೆ. ತೂಕದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಕಳೆದುಕೊಳ್ಳುವ, ಅಥವಾ ಶೇಕಡಾ 0.1ಕ್ಕಿಂತ ಹೆಚ್ಚು ತಂಪು ಫಲಕದ ಮೇಲೆ ಸಾಂದ್ರಗೊಳ್ಳುವ ದ್ರವ್ಯವು ಸಾಮಾನ್ಯವಾಗಿ ತಿರಸ್ಕೃತ.

ನಮ್ಮ ನಾಡಿನದೇ ನಿದರ್ಶನವೊಂದುಂಟು. 2015ರ ಸೆಪ್ಟೆಂಬರ್ 28ರಂದು ಉಡಾಯಿಸಲಾದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯು ಹೊಸಕೋಟೆಯ ತನ್ನ ಆವರಣದ ನಿರ್ಮಲ ಕೊಠಡಿಗಳಲ್ಲಿ ಜೋಡಿಸಿತ್ತು. ಕಕ್ಷೆಗೆ ಸೇರಿದೊಡನೆ ಅದರ ಕಣ್ಣನ್ನು ತೆರೆಯಲಿಲ್ಲ. ನೌಕೆಯ ಆವಿಯೆಲ್ಲ ಹೊರಹೋಗಲೆಂದು ಸುಮಾರು ಎರಡು ತಿಂಗಳು ಕಾದು, ನವೆಂಬರ್ 30ರಂದು ಬಾಗಿಲು ತೆರೆಯಲಾಯಿತು. ಹಲವು ವರ್ಷಗಳ ಶ್ರಮವು ಅವಸರದಿಂದ ಮಸುಕಾಗಬಾರದೆಂಬ ವಿವೇಕವದು.

ಇಷ್ಟು ಎಚ್ಚರ ವಹಿಸಿದರೂ ಲೇಪವು ಕೆಲವೊಮ್ಮೆ ತಪ್ಪದು. 2023ರಲ್ಲಿ ಹಾರಿದ ಯುರೋಪಿನ ಯೂಕ್ಲಿಡ್ ದೂರದರ್ಶಕದಲ್ಲಿ ಒಳಗೆ ಉಳಿದಿದ್ದ ನೀರಿನ ಅಣುಗಳು ಹಿಮವಾಗಿ ಕುಳಿತು ದೃಷ್ಟಿ ಮಂಕಾಯಿತು. 2024ರ ಮಾರ್ಚಿಯಲ್ಲಿ ಒಂದೇ ಕನ್ನಡಿಯನ್ನು ತುಸು ಬೆಚ್ಚಗಾಗಿಸಲು ಅದು ತಿಳಿಯಾಯಿತು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಮಕ್ಕಳೂ ನಾಳೆ ಇಂಥ ಕೊಠಡಿಗಳಲ್ಲಿ ದುಡಿಯಬಲ್ಲರು. ಬೆರಳಿನ ಜಿಡ್ಡೂ ಒಂದು ಅಣುಲೇಪವೇ. ದಾನಿಗಳು ದಯಪಾಲಿಸಿದ ಸೂಕ್ಷ್ಮದರ್ಶಕದ ಮಸೂರವನ್ನು ಅಂಚಿನಲ್ಲಷ್ಟೇ ಹಿಡಿಯುವ ಅಭ್ಯಾಸವನ್ನು ಉಪಾಧ್ಯಾಯ ಬಂಧುಗಳು ಇಂದೇ ಕಲಿಸಿದರೆ ಆ ವಿದ್ಯೆಗೆ ಶ್ರೀಕಾರ ಹಾಕಿದಂತಾಗುವುದು.