ಗುರುತಿನ ಪರಂಪರೆ ಮತ್ತು ಮುಖಚಹರೆಯ ದ್ವಾರ: ಚಿಕ್ಕಬಳ್ಳಾಪುರ ಸೀಮೆಯ ವಿಮಾನಯಾನಿಗಳನ್ನು ಕುರಿತು

ಒಬ್ಬ ವ್ಯಕ್ತಿ ತಾನು ಹೇಳಿಕೊಳ್ಳುವವನೇ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳುವ ಕ್ರಮವು ಪ್ರತಿಯೊಂದು ಸಮುದಾಯದಲ್ಲಿಯೂ ಒಂದಿಲ್ಲೊಂದು ರೂಪದಲ್ಲಿ ಬೆಳೆದುಬಂದಿದೆ. ಜಾನಪದ ಅಧ್ಯಯನವು ಇದನ್ನು ಬಹುಮಟ್ಟಿಗೆ ಕಥನದ ಆಶಯವಾಗಿಯೇ ಪರಿಗಣಿಸಿದೆ. ಕಳೆದುಹೋದ ಮಗನನ್ನು ತಾಯಿ ಮಚ್ಚೆಯಿಂದ ಗುರುತಿಸುವುದು, ಮರೆತ ಗಂಡನಿಗೆ ಉಂಗುರವು ನೆನಪನ್ನು ತರುವುದು, ವೇಷ ಮರೆಸಿಕೊಂಡು ಬಂದವನು ಹಳೆಯ ಗಾಯದ ಕಲೆಯಿಂದ ಸಿಕ್ಕಿಬೀಳುವುದು ಮೊದಲಾದವು ನಮಗೆ ಪರಿಚಿತವಾದ ಆಶಯಗಳು. ಆದರೆ ಗುರುತು ಕಥೆಗೆ ಸೀಮಿತವಾದುದಲ್ಲ, ಅದು ನಿತ್ಯದ ವ್ಯವಹಾರವೂ ಹೌದು. ದೇಹವನ್ನೇ ದಾಖಲೆಯನ್ನಾಗಿ ಮಾಡಿಕೊಳ್ಳುವ ಬಯೋಮೆಟ್ರಿಕ್ ವ್ಯವಸ್ಥೆಯು ವಿಮಾನಯಾನದಲ್ಲಿ ತಂದಿರುವ ಬದಲಾವಣೆಯನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಭಾಗದ ಪ್ರಯಾಣಿಕರ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ಸೀಮೆಯನ್ನೇ ಆಯ್ದುಕೊಳ್ಳಲು ಕಾರಣವಿದೆ. ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷವೇ, ೨೦೦೮ರ ಮೇ ತಿಂಗಳಿನಲ್ಲಿ, ನೆರೆಯ ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನನಿಲ್ದಾಣ ಆರಂಭಗೊಂಡಿತು. ಬೆಂಗಳೂರಿನ ದಕ್ಷಿಣ ಬಡಾವಣೆಗಳ ನಿವಾಸಿಗಳಿಗಿಂತ ಚಿಕ್ಕಬಳ್ಳಾಪುರದವರಿಗೆ ಈ ನಿಲ್ದಾಣ ಹತ್ತಿರ. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುವ ರೈಲುಮಾರ್ಗದಲ್ಲಿ ೨೦೨೧ರ ಜನವರಿಯಲ್ಲಿ ವಿಮಾನನಿಲ್ದಾಣಕ್ಕೆಂದೇ ಒಂದು ತಂಗುನಿಲ್ದಾಣವೂ ತೆರೆಯಿತು. (ಗೌರಿಬಿದನೂರು ಮಾತ್ರ ಹಿಂದೂಪುರದ ದಾರಿಯಲ್ಲಿರುವುದರಿಂದ ಈ ಅನುಕೂಲದಿಂದ ಹೊರಗುಳಿದಿದೆ.) ಹಜ್ ಯಾತ್ರಿಕರು, ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರು, ವಿದೇಶದಲ್ಲಿರುವ ಮಕ್ಕಳ ಮನೆಗೆ ಬಾಣಂತನಕ್ಕೆಂದು ಹೊರಡುವ ತಾಯಂದಿರು ಇವರೆಲ್ಲ ಇದೇ ದಾರಿ ಹಿಡಿಯುತ್ತಾರೆ.

ಈ ಭಾಗದ ಜನಪದರಲ್ಲಿ ಗುರುತು ಮೂರು ನೆಲೆಗಳಲ್ಲಿ ಕೆಲಸ ಮಾಡಿದೆ. ಮೊದಲನೆಯದು ದೇಹದ ಮೇಲೆ ಬರೆದದ್ದು, ಅಂದರೆ ಹಚ್ಚೆ. ಕಳ್ಳನು ಕದಿಯಲಾಗದ, ಸತ್ತ ಮೇಲೂ ಜೊತೆಗೆ ಬರುವ ಒಡವೆ ಎಂಬ ನಂಬಿಕೆ ಅದರ ಬಗ್ಗೆ ವ್ಯಾಪಕವಾಗಿದೆ. ಎರಡನೆಯದು ಮುಖ. ‘ಮುಖ ನೋಡಿ ಮಣೆ ಹಾಕು’ ಎಂಬ ಗಾದೆಯಲ್ಲಿ ಮುಖವೆಂದರೆ ಕಣ್ಣುಮೂಗುಗಳ ಅಳತೆಯಲ್ಲ. ಬಂದವನ ಅಂತಸ್ತು, ನಂಟು, ಹಿಂದಿನ ವ್ಯವಹಾರ ಎಲ್ಲವೂ ಅದರಲ್ಲಿ ಸೇರಿದೆ. ಮೂರನೆಯದು ನೆನಪು. ಹೆಳವರು, ತೆಲುಗು ಮಾತನಾಡುವ ಕಡೆಗಳಲ್ಲಿ ಪಿಚ್ಚಗುಂಟ್ಲವರು, ಒಕ್ಕಲಿನ ಮನೆಬಾಗಿಲಿಗೆ ಬಂದು ವಂಶಾವಳಿಯನ್ನು ಹೇಳುತ್ತಿದ್ದರು. ಮೂಲಪುರುಷ ಎಲ್ಲಿಂದ ಬಂದ, ಯಾರ ಮಗ ಯಾರು, ಯಾವ ಮನೆಗೆ ಹೆಣ್ಣು ಕೊಟ್ಟರು ಎಂಬ ವಿವರಗಳು ಅವರಲ್ಲಿರುತ್ತಿದ್ದವು. ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ಸೇರಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹೆಳವನು ತನ್ನಲ್ಲಿರುವ ದಾಖಲೆಯನ್ನು ಅದು ಯಾರದೋ ಅವರೆದುರಿಗೇ ಬಾಯಿಬಿಟ್ಟು ಹೇಳುತ್ತಿದ್ದ. ತಪ್ಪಿದ್ದರೆ ಮನೆಯ ಮುದುಕಿ ಅಲ್ಲೇ ತಿದ್ದುತ್ತಿದ್ದಳು.

ಹೆಬ್ಬೆಟ್ಟು ಈ ಮೂರಕ್ಕೂ ಹೊರತಾದುದು; ಅದು ಕಚೇರಿಯ ಗುರುತು. ೧೮೫೮ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈ ಮುದ್ರೆಯನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ಗುತ್ತಿಗೆದಾರ ಮುಂದೆ ಮಾತು ತಪ್ಪದಿರಲಿ ಎಂಬುದು ಅವನ ಲೆಕ್ಕಾಚಾರ. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರು ರೂಪಿಸಲು ನೆರವಾದ ವರ್ಗೀಕರಣ ಕ್ರಮ ಹೆನ್ರಿ ಎಂಬ ಅಧಿಕಾರಿಯ ಹೆಸರಿನಲ್ಲಿ ಜಗತ್ತಿಗೆ ಹಬ್ಬಿತು. ಬಯೋಮೆಟ್ರಿಕ್ ಎಂಬುದು ಪಶ್ಚಿಮದಿಂದ ನಮ್ಮಲ್ಲಿಗೆ ಬಂದ ಹೊಸ ವಸ್ತು ಎಂಬ ಗ್ರಹಿಕೆ ಪೂರ್ಣ ಸರಿಯಲ್ಲ. ಇದರ ಮೊದಲ ಪ್ರಯೋಗಶಾಲೆ ವಸಾಹತು ಭಾರತದ ರೈತ, ಗುತ್ತಿಗೆದಾರ ಮತ್ತು ಕೈದಿಗಳ ದೇಹವೇ ಆಗಿತ್ತು. ನಮ್ಮ ಆಡುಮಾತಿನಲ್ಲಿ ‘ಹೆಬ್ಬೆಟ್ಟು’ ಎಂದರೆ ಓದುಬರಹ ಬಾರದವನು ಎಂಬ ಹೀನಾರ್ಥ ಉಳಿದಿದೆ. ಇಂದು ಅದೇ ಬೆರಳು ವಿದ್ಯಾವಂತನ ಪಾಸ್‌ಪೋರ್ಟಿಗಿಂತಲೂ ಹೆಚ್ಚು ನಂಬಿಕೆಗೆ ಅರ್ಹವೆನಿಸಿರುವುದು ಒಂದು ವಿಚಿತ್ರ ತಿರುವು.

ಆದರೆ ಬೆರಳು ಎಲ್ಲರಲ್ಲಿಯೂ ಒಂದೇ ರೀತಿ ಉಳಿಯುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಣಿಕೆಯ ಮನೆಗಳಲ್ಲಿ ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆಯನ್ನು ದಿನವಿಡೀ ಬೆರಳ ತುದಿಯಿಂದ ಹಿಡಿಯುವವರ ರೇಖೆಗಳು ಸವೆಯುತ್ತವೆ; ಕಲ್ಲು ಒಡೆಯುವವರದೂ, ವಯಸ್ಸಾದ ಬೇಸಾಯಗಾರರದೂ ಹಾಗೆಯೇ. ಪಡಿತರ ಅಂಗಡಿಯ ಯಂತ್ರದ ಮುಂದೆ ಬೆರಳು ಒರೆಸಿ ಒರೆಸಿ ಮತ್ತೆ ಇಡುವ ದೃಶ್ಯ ರಾಜ್ಯದಾದ್ಯಂತ ಪರಿಚಿತ. ವಿಮಾನನಿಲ್ದಾಣವು ಬೆರಳನ್ನು ಬಿಟ್ಟು ಮುಖವನ್ನು ಆಯ್ದುಕೊಂಡಿರುವುದು ಇಂಥವರ ಪಾಲಿಗೆ, ಉದ್ದೇಶಿಸದಿದ್ದರೂ, ಅನುಕೂಲವೇ ಆಗಿದೆ.

ದೇವನಹಳ್ಳಿಯ ನಿಲ್ದಾಣದ ಸಂಸ್ಥೆಯು ೨೦೧೮ರಲ್ಲಿಯೇ ಲಿಸ್ಬನ್ನಿನ ವಿಷನ್ ಬಾಕ್ಸ್ ಕಂಪನಿಯೊಂದಿಗೆ ಮುಖಚಹರೆ ಆಧಾರಿತ ಪ್ರವೇಶಕ್ಕಾಗಿ ಒಪ್ಪಂದ ಮಾಡಿಕೊಂಡಿತ್ತು. ಅದೇ ವರ್ಷ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ‘ಡಿಜಿ ಯಾತ್ರಾ’ ನೀತಿಯನ್ನು ಪ್ರಕಟಿಸಿತು. ೨೦೧೯ರಲ್ಲಿ ಇದಕ್ಕಾಗಿ ಒಂದು ಪ್ರತಿಷ್ಠಾನ ರಚನೆಯಾಯಿತು. ಭಾರತೀಯ ವಿಮಾನನಿಲ್ದಾಣ ಪ್ರಾಧಿಕಾರದ ಜೊತೆಗೆ ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬಯಿ ಮತ್ತು ಕೊಚ್ಚಿ ನಿಲ್ದಾಣಗಳ ಕಂಪನಿಗಳು ಅದರ ಪಾಲುದಾರರು. ೨೦೨೨ರ ಡಿಸೆಂಬರ್ ೧ರಂದು ದೆಹಲಿ, ಬೆಂಗಳೂರು ಮತ್ತು ವಾರಾಣಸಿಗಳಲ್ಲಿ ದೇಶದೊಳಗಿನ ಪ್ರಯಾಣಕ್ಕೆ ಈ ಸೇವೆ ಆರಂಭವಾಗಿ, ಮುಂದೆ ಇತರ ನಗರಗಳಿಗೆ ವಿಸ್ತರಿಸಿತು.

ಇದು ಕೆಲಸ ಮಾಡುವ ಬಗೆ ಹೀಗಿದೆ. ಪ್ರಯಾಣಿಕನು ತನ್ನ ಮೊಬೈಲ್ ಫೋನಿನಲ್ಲಿ ಆಧಾರ್ ಮೂಲಕ ಗುರುತನ್ನು ದೃಢಪಡಿಸಿ ತನ್ನ ಮುಖದ ಚಿತ್ರವನ್ನು ತೆಗೆದುಕೊಳ್ಳುತ್ತಾನೆ. ಆ ಗುರುತುಪತ್ರ ಫೋನಿನಲ್ಲಿಯೇ ಇರುತ್ತದೆ. ಪ್ರಯಾಣಕ್ಕೆ ಮುನ್ನ ಅದನ್ನು ಬೋರ್ಡಿಂಗ್ ಪಾಸಿನ ವಿವರದೊಂದಿಗೆ ಹೊರಡುವ ನಿಲ್ದಾಣಕ್ಕೆ ಕಳುಹಿಸಬೇಕು. ನಿಲ್ದಾಣದ ಬಾಗಿಲಲ್ಲಿ ಕ್ಯಾಮೆರಾ ಮುಖವನ್ನು ನೋಡಿ ಅದರ ಲಕ್ಷಣಗಳನ್ನು ಅಂಕಿಗಳ ಸರಣಿಯನ್ನಾಗಿ ಪರಿವರ್ತಿಸಿ, ಮೊದಲೇ ಬಂದಿರುವ ಸರಣಿಯೊಂದಿಗೆ ಹೋಲಿಸುತ್ತದೆ. ಹೋಲಿಕೆ ನಿಗದಿತ ಮಟ್ಟವನ್ನು ಮುಟ್ಟಿದರೆ ಬಾಗಿಲು ತೆರೆಯುತ್ತದೆ. ಭದ್ರತಾ ತಪಾಸಣೆಯ ಪ್ರವೇಶದಲ್ಲಿಯೂ ವಿಮಾನವೇರುವ ದ್ವಾರದಲ್ಲಿಯೂ ಇದೇ ಕ್ರಮ ನಡೆಯಬಹುದು. ಮೈ ಮತ್ತು ಚೀಲಗಳ ತಪಾಸಣೆ ಮಾತ್ರ ಹಿಂದಿನಂತೆಯೇ ಇದೆ. ಇದನ್ನು ಪ್ರತ್ಯೇಕವಾಗಿ ಹೇಳಲು ಕಾರಣ, ಮುಖ ತೋರಿಸಿದರೆ ಎಲ್ಲ ಸರದಿಯೂ ತಪ್ಪುತ್ತದೆ ಎಂದು ಭಾವಿಸುವವರು ಇದ್ದಾರೆ. ವಿಮಾನ ಹೊರಟ ೨೪ ಗಂಟೆಗಳೊಳಗೆ ನಿಲ್ದಾಣದ ಗಣಕದಿಂದ ಈ ಮಾಹಿತಿಯನ್ನು ಅಳಿಸಲಾಗುತ್ತದೆ ಎಂದು ಪ್ರತಿಷ್ಠಾನ ತಿಳಿಸಿದೆ.

ಹಿಂದೆ ಬಾಗಿಲಲ್ಲಿದ್ದ ಸಿಬ್ಬಂದಿ ಗುರುತಿನ ಚೀಟಿಯ ಚಿತ್ರವನ್ನೂ ಎದುರಿಗಿದ್ದ ಮುಖವನ್ನೂ ನೋಡಿ, ಟಿಕೆಟ್ಟಿನ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿದ್ದರೆ ವಿವೇಚನೆಯಿಂದ ಒಳಗೆ ಬಿಡಬಹುದಿತ್ತು. ಯಂತ್ರಕ್ಕೆ ಆ ವಿವೇಚನೆಯಿಲ್ಲ. ಕನ್ನಡ ತೆಲುಗು ಎರಡೂ ಬೆರೆತ ಈ ಗಡಿಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ವೆಂಕಟರವಣಪ್ಪ ಎಂಬ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯಲು ಎಷ್ಟು ಬಗೆಗಳಿವೆಯೋ ಎಣಿಸುವುದು ಕಷ್ಟ. ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು, ಮೊಮ್ಮಗ ಕಾಯ್ದಿರಿಸಿದ ಟಿಕೆಟ್ಟಿನಲ್ಲಿ ಇನ್ನೊಂದು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರವನ್ನು ಹಿಂದಿಟ್ಟುಕೊಳ್ಳುವ ನಮ್ಮ ಪದ್ಧತಿಯು ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳಿಗೆ ಹೊಂದುವುದೇ ಇಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಮುದ್ರಿಸುವ ರೂಢಿಯಿದೆ. ಮುಖ ಹೊಂದಿದರೂ ಹೆಸರು ಹೊಂದದೆ ಮತ್ತೆ ಕಾಗದದ ಸಾಲಿಗೆ ಮರಳುವವರು ಇಂಥವರೇ. ಗ್ರಾಮನಾಮ, ವ್ಯಕ್ತಿನಾಮಗಳ ಅಧ್ಯಯನ ನಡೆಸಿರುವ ನಮ್ಮ ವಿದ್ವಾಂಸರು ಗಣಕದ ಅರ್ಜಿ ನಮೂನೆಗಳತ್ತ ಇದುವರೆಗೆ ಹೆಚ್ಚು ಗಮನ ಹರಿಸಿಲ್ಲ ಎಂಬುದು ನನ್ನ ಅಭಿಪ್ರಾಯ.

ವಿದೇಶ ಪ್ರಯಾಣದಲ್ಲಿ ಚಿತ್ರ ಬೇರೆಯಾಗಿದೆ. ಅಲ್ಲಿ ಬೆರಳೂ ಬೇಕು, ಮುಖವೂ ಬೇಕು. ೨೦೨೪ರ ಜೂನ್ ತಿಂಗಳಿನಲ್ಲಿ ದೆಹಲಿಯಲ್ಲಿ ಆರಂಭವಾದ ತ್ವರಿತ ವಲಸೆ ತಪಾಸಣೆಯ ಯೋಜನೆ ೨೦೨೫ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿತು. ಮೊದಲೇ ನೋಂದಾಯಿಸಿ ಎರಡನ್ನೂ ಕೊಟ್ಟವರು ಸ್ವಯಂಚಾಲಿತ ದ್ವಾರದಿಂದ ಹೋಗಬಹುದು. ಅಮೆರಿಕವು ೨೦೦೪ರಿಂದಲೇ ಬರುವವರ ಬೆರಳಚ್ಚು ಪಡೆಯುತ್ತಿದೆ. ಯುರೋಪಿನ ಷೆಂಗೆನ್ ರಾಷ್ಟ್ರಗಳು ೨೦೨೫ರ ಅಕ್ಟೋಬರ್ ೧೨ರಿಂದ ಹಂತಹಂತವಾಗಿ ಪಾಸ್‌ಪೋರ್ಟಿನ ಮುದ್ರೆಯ ಬದಲು ಇದೇ ಕ್ರಮವನ್ನು ಜಾರಿಗೆ ತಂದವು. ಇಲ್ಲಿ ಬಿಚ್ಚಣಿಕೆಯ ಕೈಗಳ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಒಪ್ಪಿಗೆಯ ಪ್ರಶ್ನೆ ಇನ್ನೂ ಆಳವಾದುದು. ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಸಾರಿತು; ಆಧಾರ್ ವಿರುದ್ಧ ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಡಿಜಿ ಯಾತ್ರಾ ಐಚ್ಛಿಕವೆಂದೇ ನೀತಿಯಲ್ಲಿದೆ. ಆದರೂ ೨೦೨೪ರ ಆರಂಭದಲ್ಲಿ ಕೆಲವು ನಿಲ್ದಾಣಗಳಲ್ಲಿ ಸರಿಯಾಗಿ ತಿಳಿಸದೆಯೇ ಮುಖದ ಚಿತ್ರ ತೆಗೆಯಲಾಗುತ್ತಿದೆ ಎಂಬ ದೂರುಗಳು ಕೇಳಿಬಂದವು. ಹಳ್ಳಿಯ ಹಿರಿಯರ ವಿಷಯದಲ್ಲಿ ಒಪ್ಪಿಗೆಯ ಗುಂಡಿಯನ್ನು ಒತ್ತುವುದು ಸಾಮಾನ್ಯವಾಗಿ ಮಗನೋ ಮೊಮ್ಮಗಳೋ. ಹೆಳವನ ದಾಖಲೆಯನ್ನು ಕೇಳಿ ತಿದ್ದಬಹುದಿತ್ತು. ಅಂಕಿಗಳ ಸರಣಿಯಾದ ಮುಖವನ್ನು ಆ ಮುಖದವರೂ ಓದಲಾರರು. ಅಳಿಸಲಾಯಿತು ಎಂಬ ಮಾತನ್ನು ನಂಬಬೇಕಷ್ಟೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ತಿದ್ದುಪಡಿ ಮತ್ತು ಅಳಿಸುವಿಕೆಯ ಹಕ್ಕನ್ನು ನೀಡಿದೆಯಾದರೂ ಅದನ್ನು ಕೇಳಬೇಕಾದವರಿಗೆ ಹಾಗೊಂದು ಹಕ್ಕಿದೆಯೆಂಬುದೇ ತಿಳಿದಿರುವುದು ವಿರಳ.

ಮುಖಪರದೆ ಧರಿಸುವ ಸ್ತ್ರೀಯರು, ಸ್ಮಾರ್ಟ್‌ಫೋನ್ ಇಲ್ಲದವರು, ಆಧಾರ್‌ಗೆ ಜೋಡಿಸಿದ ಫೋನ್ ಸಂಖ್ಯೆ ಬದಲಾದವರು, ಮುಖ ಕೊಡಲು ಇಚ್ಛಿಸದವರು ಈಗಲೂ ಟಿಕೆಟ್ ಮತ್ತು ಗುರುತಿನ ಚೀಟಿ ಹಿಡಿದು ದೇವನಹಳ್ಳಿಯ ಪಕ್ಕದ ಬಾಗಿಲಿನಿಂದ ಒಳಗೆ ಹೋಗಬಹುದು. ಅಲ್ಲಿ ಮುಖ ನೋಡುವವರು ಮನುಷ್ಯರೇ.