ಕಥೆ ಮುಗಿಯುವ ಮುನ್ನಿನ ನ್ಯಾಯಸಭೆ

ಧಾರಾವಾಹಿಯೊಂದು ತನ್ನ ಕಡೆಯ ಕಂತುಗಳನ್ನು ಸಮೀಪಿಸಿದಾಗ, ಬಿಡಿಸದೆ ಉಳಿದ ಗಂಟುಗಳನ್ನು ಕುರಿತು ನೋಡುಗರು ಮನೆಯ ಜಗುಲಿಯಲ್ಲಿಯೂ ಸಂಜೆಯ ವಾಯುಸೇವನೆಯಲ್ಲಿಯೂ ನಡೆಸುವ ವಾಗ್ವಾದವನ್ನು ಕಾಲಹರಣವೆಂದು ತಳ್ಳಿಹಾಕುವವರು ಬಹುಮಂದಿ. ಆದರೆ ಆ ವಾಗ್ವಾದದ ಬೆನ್ನಿಗೆ ಶತಮಾನಗಳ ಶ್ರೋತೃಪರಂಪರೆಯೊಂದು ನಿಂತಿದೆಯೆಂಬುದು ನನ್ನ ದೃಢವಾದ ನಂಬಿಕೆ. ದಾವಣಗೆರೆಯ ವಿದ್ಯಾನಗರದಲ್ಲಿ ಖಾರ ಮಂಡಕ್ಕಿಯನ್ನೂ ಮೆಣಸಿನಕಾಯಿಯನ್ನೂ ನಡುವಿಟ್ಟುಕೊಂಡು, ‘ಅಲ್ರೀ, ಕೊನೀಗೆ ಆ ಹುಡುಗಿಗೆ ನ್ಯಾಯ ಸಿಗ್ತದೋ ಇಲ್ಲೋ?’ ಎಂದು ನಿವೃತ್ತ ಅಧ್ಯಾಪಕರೂ ಗೃಹಿಣಿಯರೂ ಕೇಳುವ ಪ್ರಶ್ನೆಯ ಸ್ವರೂಪವನ್ನು ಗಮನಿಸಿದರೆ ಈ ಮಾತು ವಿಶದವಾದೀತು. ಮುಂದೇನಾಗುವುದೆಂಬ ಕುತೂಹಲದೊಡನೆ ಏನಾಗತಕ್ಕದ್ದೆಂಬ ವಿವೇಚನೆಯೂ ಆ ಒಂದು ಪ್ರಶ್ನೆಯಲ್ಲಿ ಬೆರೆತಿದೆ.

ಇವುಗಳಲ್ಲಿ ಹಿರಿಯದು ಎರಡನೆಯದು. ಗಮಕಿಯ ಮುಂದೆ ಕುಳಿತು ಕುಮಾರವ್ಯಾಸನ ಭಾರತವನ್ನು ಕೇಳುತ್ತಿದ್ದ ನಮ್ಮ ಹಿರಿಯರಿಗೆ ಕೌರವನ ತೊಡೆ ಮುರಿಯುವುದೆಂಬುದು ಮೊದಲೇ ತಿಳಿದಿತ್ತು. ಅಂತ್ಯದ ವಿಷಯದಲ್ಲಿ ಅವರಿಗೆ ಸಂದೇಹವೇ ಇರಲಿಲ್ಲ. ಆದರೂ ಇರುಳೆಲ್ಲ ಅವರನ್ನು ಎಚ್ಚರದಲ್ಲಿರಿಸುತ್ತಿದ್ದುದು, ತನ್ನನ್ನೇ ಸೋತ ಧರ್ಮರಾಯನಿಗೆ ಮಡದಿಯನ್ನು ಪಣವಾಗಿ ಒಡ್ಡುವ ಅಧಿಕಾರವಿತ್ತೆ ಎಂದು ದ್ರೌಪದಿ ತುಂಬಿದ ಸಭೆಯಲ್ಲಿ ಎತ್ತಿದ ಪ್ರಶ್ನೆ. ಭೀಷ್ಮನಂಥವನೂ ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ನಿರುತ್ತರನಾದ ಮೇಲೆ, ಆ ತೀರ್ಪಿನ ಹೊಣೆ ಕೇಳುಗರ ಪಾಲಿಗೆ ಬಂದಿತು; ತಾಳಮದ್ದಳೆಯ ಅರ್ಥಧಾರಿಗಳು ಇಂದಿಗೂ ಇಂಥ ಪ್ರಶ್ನೆಗಳನ್ನು ಹಿಡಿದು ಗಂಟೆಗಟ್ಟಲೆ ವಾದಿಸುತ್ತಾರೆ. ನಮ್ಮ ದಾವಣಗೆರೆಯೇ ತವರಾದ ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯ ಪ್ರೇಕ್ಷಕರೂ ಇದೇ ಜಾಡಿನವರು. ಚಿಂದೋಡಿ ಲೀಲಾ ಅವರ ‘ಹಳ್ಳಿ ಹುಡುಗಿ’ಯನ್ನು ಮತ್ತೆ ಮತ್ತೆ ನೋಡಿದವರು ಅಂತ್ಯವನ್ನು ತಿಳಿಯಲೆಂದು ಡೇರೆಯೊಳಗೆ ಬಂದವರಾಗಿರಲಾರರು.

ಅರಿಯದ ಅಂತ್ಯದ ತವಕವನ್ನು ನಮ್ಮಲ್ಲಿ ಮೂಡಿಸಿದುದು ಮುದ್ರಣಯಂತ್ರ. ಐನೂರಕ್ಕೂ ಮಿಕ್ಕಿ ಕೃತಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು, ಅಪರಾಧಿ ಯಾರೆಂದು ಪುಟಪುಟಕ್ಕೂ ಊಹಿಸುವ ಅಭ್ಯಾಸವನ್ನು ಸಾಮಾನ್ಯ ಓದುಗನಿಗೆ ಹಚ್ಚಿದನು. 1965ರಲ್ಲಿ ಆರಂಭವಾದ ‘ಸುಧಾ’ದಂತಹ ವಾರಪತ್ರಿಕೆಗಳು ಕಾದಂಬರಿಯನ್ನು ಕಂತುಗಳಾಗಿ ಒಡೆದು, ಆ ಊಹೆಗೆ ಏಳು ದಿನಗಳ ಅವಕಾಶವನ್ನು ಒದಗಿಸಿದವು. ಕಂತಿಗೂ ಕಂತಿಗೂ ನಡುವಣ ಈ ಬಿಡುವೇ ಚರ್ಚೆಯ ನಿಜವಾದ ಜನ್ಮಸ್ಥಾನವೆಂದು ನನಗೆ ತೋರುತ್ತದೆ. ಕಥೆಯನ್ನು ಒಂದೇ ಉಸಿರಿಗೆ ಓದಿ ಮುಗಿಸುವವನಿಗೆ ನೆರೆಯವನೊಡನೆ ವಾದಿಸುವ ಅಗತ್ಯವೇ ಒದಗುವುದಿಲ್ಲವಷ್ಟೆ.

ಆ ಬಿಡುವು ಶಾಶ್ವತವಾದರೆ ಓದುಗರು ಏನು ಮಾಡಿಯಾರೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಸೊಗಸಾದ ನಿದರ್ಶನವುಂಟು. ಚಾರ್ಲ್ಸ್ ಡಿಕನ್ಸ್ 1870ರಲ್ಲಿ ತೀರಿಕೊಂಡಾಗ, ಹನ್ನೆರಡು ಭಾಗಗಳಲ್ಲಿ ಬರಬೇಕಾಗಿದ್ದ ಅವನ ಎಡ್ವಿನ್ ಡ್ರೂಡನ ಕಥೆ ಆರೇ ಭಾಗಗಳಿಗೆ ನಿಂತುಹೋಯಿತು. ಡ್ರೂಡನನ್ನು ಯಾರು ಕೊಂದರು, ಕೊಂದುದೇ ದಿಟವೆ ಎಂಬುದು ತಿಳಿಯದಾಯಿತು. ಅಲ್ಲಿಯ ಅಭಿಮಾನಿಗಳು ನಲವತ್ತನಾಲ್ಕು ವರ್ಷಗಳ ತರುವಾಯ, 1914ರ ಜನವರಿಯಲ್ಲಿ, ಲಂಡನ್ನಿನಲ್ಲಿ ಅಣಕು ನ್ಯಾಯಾಲಯವನ್ನು ಏರ್ಪಡಿಸಿ, ಕಾದಂಬರಿಯ ಪಾತ್ರವಾದ ಜಾಸ್ಪರನನ್ನು ಕಟಕಟೆಯಲ್ಲಿ ನಿಲ್ಲಿಸಿದರು; ಜಿ.ಕೆ. ಚೆಸ್ಟರ್‌ಟನ್ ನ್ಯಾಯಾಧೀಶ, ಬರ್ನಾರ್ಡ್ ಷಾ ಪಂಚರ ಮುಖ್ಯಸ್ಥ. ಬಗೆಹರಿಯದ ಕಥೆಯನ್ನು ನ್ಯಾಯಸಭೆಗೆ ಒಯ್ಯಬೇಕೆಂಬ ಬುದ್ಧಿ ಅಲ್ಲಿಯೂ ಹುಟ್ಟಿತೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕಿರುತೆರೆಗೆ ಬರೋಣ. ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಮೂಡಿಬಂದ, ಸದಾನಂದ ಸುವರ್ಣರ ‘ಗುಡ್ಡದ ಭೂತ’ವು, ಭೂತ ನಿಜವೋ ಮನುಷ್ಯರ ಕೈವಾಡವೋ ಎಂಬ ಶಂಕೆಯನ್ನು ನಾಡಿನ ಮನೆಮನೆಗೂ ತಲುಪಿಸಿತು. ಅದು ಶುದ್ಧವಾದ ಕುತೂಹಲ. ಧರ್ಮಜಿಜ್ಞಾಸೆಯು ಅದರೊಡನೆ ಕೂಡಿಕೊಂಡುದು 1998ರಲ್ಲಿ, ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ನಿರ್ದೇಶಿಸಿದ ‘ಮಾಯಾಮೃಗ’ವು ಇಳಿಹೊತ್ತಿನಲ್ಲಿ ಪ್ರಸಾರವಾಗತೊಡಗಿದ ಮೇಲೆ. ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ನಾಟಕಗಳನ್ನು ಬರೆದ ಸೀತಾರಾಮರು ಕಾನೂನನ್ನು ಓದಿದವರು. ‘ಮನ್ವಂತರ’, ‘ಮುಕ್ತ’ಗಳ ಮೂಲಕ ಮುಂದುವರಿದ ಅವರ ಕಥನದಲ್ಲಿ, ಸ್ವತಃ ಅವರೇ ಧರಿಸಿದ ಸಿ.ಎಸ್.ಪಿ. ಎಂಬ ವಕೀಲನ ಪಾತ್ರವು ಸಾಕ್ಷಿಗಳನ್ನು ಒಂದೊಂದೇ ಪ್ರಶ್ನೆಯಿಂದ ಸುತ್ತುವರಿಯುವಾಗ, ನೋಡುಗರು ತಾವೂ ಪೀಠದ ಮೇಲೆ ಕುಳಿತವರಂತೆ ತೂಗಿ ನೋಡಲಾರಂಭಿಸಿದರು. ಬಿಡುವು ವಾರದಿಂದ ಒಂದು ದಿನಕ್ಕೆ ಇಳಿದುದರಿಂದ ವಾದವೂ ನಿತ್ಯದ್ದಾಯಿತು. ‘ಮುಕ್ತ’ದ ಶೀರ್ಷಿಕೆಗೀತೆಯನ್ನು ರಚಿಸಿದ ಎಚ್.ಎಸ್. ವೆಂಕಟೇಶಮೂರ್ತಿಯವರು ನಮ್ಮ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯವರೆಂಬ ಅಭಿಮಾನವೂ ಇಲ್ಲಿಯ ಮಾತುಕತೆಗಳಲ್ಲಿ ಸೇರಿಕೊಳ್ಳುತ್ತಿದ್ದುದುಂಟು.

ಇದೇ ಸೀತಾರಾಮರು 2018ರಲ್ಲಿ ಆರಂಭಿಸಿದ ‘ಮಗಳು ಜಾನಕಿ’ಯು 2020ರ ಮಹಾಮಾರಿಯ ಲಾಕ್‌ಡೌನಿನಲ್ಲಿ ನಡುದಾರಿಯಲ್ಲಿಯೇ ನಿಂತುಹೋಯಿತು. ಅಪೂರ್ಣತೆ ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿದನು. 1963ರಲ್ಲಿ ಅಕಾಲದಲ್ಲಿ ಅಗಲಿದ ತ್ರಿವೇಣಿಯವರ ‘ಅವಳ ಮನೆ’ಯನ್ನು ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು. ‘ಮಾಯಾಮೃಗ’ವೂ 2022ರಲ್ಲಿ ‘ಮತ್ತೆ ಮಾಯಾಮೃಗ’ವೆಂಬ ಹೆಸರಿನಿಂದ ಮರಳಿತು. ಜಾನಕಿಯ ಕಥೆಗೆ ಮಾತ್ರ ಆ ಭಾಗ್ಯ ಕಿರುತೆರೆಯಲ್ಲಿ ಒದಗದೆ ಹೋದುದನ್ನು ನಾನು ನಷ್ಟವೆಂದೇ ಎಣಿಸುತ್ತೇನೆ. ಏಕೆಂದರೆ ಕಥೆಗಾರನು ಕೊಡುವ ತೀರ್ಪನ್ನು ಕೇಳಿ ಅದನ್ನು ಒಪ್ಪದಿರುವ ಹಕ್ಕು, ಅಷ್ಟು ಕಾಲ ವಾದಿಸಿದ ನೋಡುಗನಿಗೆ ಸಲ್ಲಬೇಕಾಗಿತ್ತು.