ಮುಖವಿಲ್ಲದ ಪಾತ್ರ: ಅಮೆರಿಕದ ವ್ಯಂಗ್ಯ ಚಲಚ್ಚಿತ್ರಗಳಲ್ಲಿ ಹಾಸ್ಯವಿಚಾರ

ವಿಕೃತವಾದ ವೇಷಾಲಂಕಾರಾದಿಗಳು ಹಾಸ್ಯರಸಕ್ಕೆ ವಿಭಾವಗಳೆಂದು ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ಆ ರಸವು ಸ್ತ್ರೀಯರಲ್ಲಿಯೂ ನೀಚಪ್ರಕೃತಿಗಳಲ್ಲಿಯೂ ಹೆಚ್ಚಾಗಿ ಕಾಣುವುದೆಂಬ ಮಾತೂ ಅಲ್ಲಿಯೇ ಇದೆ. ಪಾಠಶಾಲೆಗಳಲ್ಲಿ ಈ ಎರಡನೆಯ ಮಾತನ್ನು ವಿಚಾರಮಾಡದೆ ದಾಟಿಬಿಡುವುದುಂಟು. ನಗುವವರು ಯಾರು, ನಗೆಗೀಡಾಗುವವರು ಯಾರು ಎಂಬ ಪ್ರಶ್ನೆ ಅದರಲ್ಲಿ ಅಡಗಿರುವುದು. ಬರೆದ ಚಿತ್ರಗಳನ್ನೇ ಚಲಿಸುವಂತೆ ಮಾಡಿ ತೋರಿಸಿದ ಅಮೆರಿಕದ ಹಳೆಯ ವ್ಯಂಗ್ಯ ಚಲಚ್ಚಿತ್ರಗಳು ಈ ಪ್ರಶ್ನೆಗೆ ವಿಚಾರಾರ್ಹವಾದ ಉದಾಹರಣೆಗಳು.

1940ರಲ್ಲಿ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯಲ್ಲಿ ವಿಲಿಯಂ ಹಾನಾ, ಜೋಸೆಫ್ ಬಾರ್ಬೆರಾ ಎಂಬಿಬ್ಬರು ಬೆಕ್ಕು ಇಲಿಗಳ ಕಥೆಯೊಂದನ್ನು ಚಿತ್ರಿಸಿದರು. ಮುಂದೆ ಟಾಮ್ ಮತ್ತು ಜೆರ್ರಿ ಎಂದು ಲೋಕಪ್ರಸಿದ್ಧವಾದ ಮಾಲೆಗೆ ಅದೇ ಮೊದಲು. ಅದರಲ್ಲಿ ಮನೆವಾರ್ತೆ ನೋಡುವ ಆಫ್ರಿಕಾ ಮೂಲದ ಹೆಂಗಸೊಬ್ಬಳಿದ್ದಾಳೆ. ಬೆಕ್ಕನ್ನು ಗದರಿಸುವವಳು, ಮನೆಯಿಂದ ಹೊರಕ್ಕೆ ನೂಕುವವಳು ಅವಳೇ. ಆದರೆ ಪ್ರೇಕ್ಷಕನಿಗೆ ಕಾಣುವುದು ಅವಳ ಕಾಲು, ಪಾದರಕ್ಷೆ, ನಡುವಿಗೆ ಕಟ್ಟಿದ ಏಪ್ರನ್, ಇಷ್ಟೇ. ಬೆಕ್ಕಿನ ಕಣ್ಣಳತೆಗೆ ಬರೆದುದರಿಂದ ಹೀಗಾಯಿತೆಂದು ಸಮಾಧಾನ ಹೇಳಬಹುದು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೂ ಇಲಿಯ ಮುಖದಲ್ಲಿ ಸಕಲ ಭಾವಗಳೂ ಆಡುತ್ತಿರುವಾಗ ದುಡಿಯುವ ಮನುಷ್ಯಳಿಗೆ ಮುಖವೇ ಇಲ್ಲದಿರುವುದು ಸಣ್ಣ ಮಾತಲ್ಲ. ಅಭಿನಯಗಳಲ್ಲಿ ಅವಳ ಪಾಲಿಗೆ ಮುಖ್ಯವಾಗಿ ಉಳಿದದ್ದು ವಾಚಿಕ. ಅದನ್ನು ಒದಗಿಸಿದವರು ಲಿಲಿಯನ್ ರಾಂಡಾಲ್ಫ್ ಎಂಬ ನಟಿ. ಚಿತ್ರದ ನಾಮಾವಳಿಯಲ್ಲಿ ಅವರ ಹೆಸರಿಲ್ಲ. 1950ರ ಒಂದು ಚಿತ್ರದಲ್ಲಿ ಈ ಹೆಂಗಸು ಶನಿವಾರ ರಾತ್ರಿ ಅಲಂಕರಿಸಿಕೊಂಡು ಗೆಳತಿಯರೊಡನೆ ಇಸ್ಪೀಟಾಡಲು ಹೋಗುತ್ತಾಳೆ. ಮನೆಗೆ ಓಡಿಬರುವಾಗ ಅವಳ ಮುಖವು ಕ್ಷಣಮಾತ್ರ ಮಿಂಚಿ ಮಾಯವಾಗುತ್ತದೆ.

ಇಂಥ ಪಾತ್ರಗಳ ಮೂಲವು ಹತ್ತೊಂಬತ್ತನೆಯ ಶತಮಾನದ ಮಿನ್‌ಸ್ಟ್ರೆಲ್ ಆಟಗಳಲ್ಲಿದೆ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ದಾಸ್ಯದಲ್ಲಿದ್ದ ಜನರ ನಡೆನುಡಿಗಳನ್ನು ಅಣಕಿಸುತ್ತಿದ್ದ ಆಟಗಳವು. ಆಹಾರ್ಯವೇ ಅಲ್ಲಿ ಅಪಮಾನವಾಯಿತು.

ವಾರ್ನರ್ ಸಂಸ್ಥೆಯ ಇಂಥ ಹನ್ನೊಂದು ಚಿತ್ರಗಳನ್ನು, ಆಗ ಅವುಗಳ ಹಕ್ಕನ್ನು ಪಡೆದಿದ್ದ ಯುನೈಟೆಡ್ ಆರ್ಟಿಸ್ಟ್ಸ್‌ನವರು 1968ರಲ್ಲಿ ಪ್ರದರ್ಶನದಿಂದ ತೆಗೆದುಹಾಕಿದರು. ಈಚೆಗೆ ವಾರ್ನರ್‌ನವರು ಹಳೆಯ ಚಿತ್ರಗಳನ್ನು ಡಿವಿಡಿಗಳಲ್ಲಿ ಹೊರತಂದಾಗ, ಈ ಚಿತ್ರಣಗಳು ಅಂದೂ ತಪ್ಪು, ಇಂದೂ ತಪ್ಪು, ಆದರೆ ಅಳಿಸಿದರೆ ಆ ದುರಭಿಪ್ರಾಯಗಳು ಇರಲೇ ಇಲ್ಲವೆಂದು ಸಾಧಿಸಿದಂತಾಗುವುದು ಎಂಬರ್ಥದ ಪ್ರಕಟನೆಯನ್ನು ಸೇರಿಸಿದರು. ಈ ವಾದವು ಯುಕ್ತವೇ ಸರಿ. ಅಳಿಸುವುದರ ಫಲವೇನೆಂಬುದಕ್ಕೆ ಟಾಮ್ ಮತ್ತು ಜೆರ್ರಿಯೇ ಸಾಕ್ಷಿ. 1960ರ ದಶಕದಲ್ಲಿ ದೂರದರ್ಶನಕ್ಕಾಗಿ ಕೆಲವು ಚಿತ್ರಗಳಲ್ಲಿ ಆ ಹೆಂಗಸನ್ನು ತೆಗೆದು ಬಿಳಿಯ ಹೆಂಗಸನ್ನು ಬರೆದರು. ರಾಂಡಾಲ್ಫರ ಕಂಠವನ್ನೂ ತೆಗೆದು ಬೇರೆ ಕಂಠವನ್ನು ಕೂಡಿಸಿದರು. ಶನಿವಾರ ರಾತ್ರಿಯ ಆ ಚಿತ್ರವೂ ಈ ತಿದ್ದುಪಡಿಗೆ ಸಿಕ್ಕಿತು. ತಿದ್ದಿದ ಪ್ರತಿಯಲ್ಲಿ ಇಸ್ಪೀಟಿನ ಗೆಳತಿಯರೂ ಇಲ್ಲ, ಮಿಂಚಿದ್ದ ಆ ಮುಖವೂ ಇಲ್ಲ.